ಎರವಲು ಹಾಡಿನ ನಿಲಯ

ಎರವಲು ಒಡವೆ ತೊಟ್ಟು ಮದುವೆಗೆ ಹೋದವಳ ಸಂಭ್ರಮಕ್ಕೆ ಒಂದು ಗಡುವಿರುತ್ತದೆ. ಮದುವೆಯ ಮರುದಿನ ಒಡವೆ ಒಡತಿಯ ಪೆಟ್ಟಿಗೆಯನ್ನು ಸೇರಲೇಬೇಕು. ಭಾವಚಿತ್ರದಲ್ಲಿ ಮಾತ್ರ ಅದು ಕೊರಳಲ್ಲಿ ಉಳಿಯುತ್ತದೆ. ಆದರೆ ಗಡುವು ತೀರಿತೆಂದು ಭಾವಚಿತ್ರದಿಂದಲೂ ಒಡವೆಯನ್ನು ಕಿತ್ತುಕೊಂಡರೆ ಹೇಗಿದ್ದೀತು? ಅಮೆರಿಕದ ಒಂದು ದೂರದರ್ಶನ ಹಾಸ್ಯಮಾಲಿಕೆಗೆ ಒದಗಿದ ಗತಿ ಇಂಥದು.

‘ಡಬ್ಲ್ಯು.ಕೆ.ಆರ್.ಪಿ. ಇನ್ ಸಿನ್ಸಿನಾಟಿ’ ಎಂದು ಅದರ ಹೆಸರು. ಓಹಾಯೋ ಸಂಸ್ಥಾನದ ಸಿನ್ಸಿನಾಟಿ ನಗರದಲ್ಲಿ ಇರುವುದೆಂದು ಕಲ್ಪಿಸಿಕೊಂಡ, ನಷ್ಟದಲ್ಲಿ ನಡೆಯುವ ಪುಟ್ಟ ಬಾನುಲಿ ನಿಲಯವೇ ಅದರ ರಂಗಸ್ಥಳ. ಹ್ಯೂ ವಿಲ್ಸನ್ ಎಂಬವರು ಅಟ್ಲಾಂಟಾದ ನಿಲಯವೊಂದರಲ್ಲಿ ಕಂಡ ಜನರನ್ನೇ ಮಾದರಿಯಾಗಿಟ್ಟುಕೊಂಡು ಇದನ್ನು ಕಟ್ಟಿದರು. 1978ರ ಸೆಪ್ಟೆಂಬರಿನಲ್ಲಿ ಸಿ.ಬಿ.ಎಸ್. ಸಂಸ್ಥೆಯಿಂದ ಪ್ರಸಾರವಾಗತೊಡಗಿದ ಮಾಲಿಕೆ ಎಂಟು ಕಂತುಗಳಿಗೇ ನಿಂತು, 1979ರ ಜನವರಿಯಲ್ಲಿ ಮರುಜೀವ ಪಡೆಯಿತು. ಪ್ರಸಾರದ ವೇಳೆಯನ್ನು ಪದೇ ಪದೇ ಬದಲಿಸಿದ ಸಂಸ್ಥೆ, 90 ಕಂತುಗಳಾದ ಮೇಲೆ 1982ರಲ್ಲಿ ಅದಕ್ಕೆ ಮಂಗಳ ಹಾಡಿತು.

ಮೊದಲ ಕಂತಿನ ಕಥೆಯೇ ಹಾಡಿನದು. ಮುದುಕರಿಗೆ ಜೋಂಪು ಹತ್ತಿಸುವಂಥ ಮೆಲುಸಂಗೀತವನ್ನು ಬಿತ್ತರಿಸುತ್ತಿದ್ದ ನಿಲಯಕ್ಕೆ ಆಂಡಿ ಟ್ರಾವಿಸ್ ಎಂಬ ತರುಣ ಕಾರ್ಯಕ್ರಮ ನಿರ್ದೇಶಕನಾಗಿ ಬರುತ್ತಾನೆ. ವ್ಯವಸ್ಥಾಪಕ ಕಾರ್ಲ್‌ಸನ್ ಸಾಧು. ಒಡತಿಯಾದ ಅವನ ತಾಯಿ ಗಟ್ಟಿಗಿತ್ತಿ. ಇನ್ನು ರಾಕ್ ಸಂಗೀತವೇ ಆಗಬೇಕೆಂದು ಟ್ರಾವಿಸ್ ಹಟ ಹಿಡಿಯುತ್ತಾನೆ. ಜಾನಿ ಫೀವರ್ ಎಂಬ ಡಿಸ್ಕ್ ಜಾಕಿ ತಿರುಗುತ್ತಿರುವ ತಟ್ಟೆಯ ಮೇಲಿಂದ ಮುಳ್ಳನ್ನು ಕರ್ರೆಂದು ಎಳೆದು ಹೊಸ ಹಾಡು ಹಾಕಿದ ಗಳಿಗೆಯಿಂದ ನಿಲಯದ ಬಾಳೇ ಬದಲಾಗುತ್ತದೆ.

ಕಿವಿಯ ಶಕ್ತಿ ಎಷ್ಟೆಂಬುದನ್ನು ವಿಲ್ಸನ್ ಬಲ್ಲವರಾಗಿದ್ದರು. 1978ರ ಅಕ್ಟೋಬರ್ 30ರ ಕಂತಿನಲ್ಲಿ ಕಾರ್ಲ್‌ಸನ್, ನಿಲಯದ ಪ್ರಚಾರಕ್ಕೆಂದು ಹೆಲಿಕಾಪ್ಟರಿನಿಂದ ಜೀವಂತ ಟರ್ಕಿ ಕೋಳಿಗಳನ್ನು ಜನರ ಮೇಲೆ ಬಿಡಿಸುತ್ತಾನೆ; ಅವು ಹಾರಬಲ್ಲವೆಂದೇ ಆ ಬಡಪಾಯಿಯ ನಂಬಿಕೆ! ಕೋಳಿಗಳು ಬೀಳುವುದನ್ನು ನೋಡುಗರು ಕಾಣುವುದೇ ಇಲ್ಲ. ವಾರ್ತಾವಾಚಕ ಲೆಸ್ ನೆಸ್‌ಮನ್ ಬೀದಿಯಲ್ಲಿ ನಿಂತು, 1937ರಲ್ಲಿ ಹಿಂಡನ್‌ಬರ್ಗ್ ವಾಯುನೌಕೆ ಉರಿದು ಬಿದ್ದಾಗಿನ ಬಾನುಲಿ ವರದಿಯ ಧಾಟಿಯಲ್ಲಿ, ಗದ್ಗದಕಂಠನಾಗಿ ಬಣ್ಣಿಸುತ್ತಾನೆ. ಅವನ ಮಾತು, ನಿಲಯದಲ್ಲಿ ಕುಳಿತು ಕೇಳುವವರ ಮುಖ, ಇವಿಷ್ಟರಿಂದಲೇ ನಗು ಹುಟ್ಟುತ್ತದೆ.

ಇಂಥ ಮಾಲಿಕೆಯಲ್ಲಿ ಹಾಡು ಹಿನ್ನೆಲೆಯ ಅಲಂಕಾರವಲ್ಲ, ಒಂದು ಪಾತ್ರವೇ ಸರಿ. ಆದ್ದರಿಂದ ಅಂದು ಜನ ಕೇಳುತ್ತಿದ್ದ ನಿಜವಾದ ಹಾಡುಗಳನ್ನೇ ಬಳಸಿದರು. ಫಿಲ್ಮಿನಲ್ಲಿ ತೆಗೆದ ಮಾಲಿಕೆಗಿಂತ ವಿಡಿಯೋ ಟೇಪಿನ ಕಾರ್ಯಕ್ರಮಕ್ಕೆ ಹಾಡಿನ ಹಕ್ಕು ಅಗ್ಗವಾಗಿ ದೊರೆಯುತ್ತಿತ್ತು. ಆದಕಾರಣ ಚಿತ್ರೀಕರಣವೂ ಟೇಪಿನಲ್ಲೇ ನಡೆಯಿತು. ಆದರೆ ಕೊಂಡ ಹಕ್ಕಿಗೆ ವರ್ಷಗಳ ಗಡುವಿತ್ತು.

ಸಂಸ್ಥೆ ಕೈಬಿಟ್ಟ ಮೇಲೆ ಊರೂರಿನ ದೂರದರ್ಶನ ನಿಲಯಗಳ ಮರುಪ್ರಸಾರದಲ್ಲಿ ಮಾಲಿಕೆ ಅಪಾರ ಜನಪ್ರಿಯವಾಯಿತು. ಅಷ್ಟರಲ್ಲಿ ಗಡುವು ತೀರುತ್ತ ಬಂತು. ಹಾಡುಗಳ ಬೆಲೆಯೂ ಏರಿತ್ತು. ಮೂಲಗೀತೆಗಳನ್ನು ತೆಗೆದು ಹೆಸರು ಕುಲವಿಲ್ಲದ ಸಂಗೀತವನ್ನು ತುಂಬಿದರು. ಹಾಡಿನ ಮೇಲೆ ಮಾತು ಬಿದ್ದಿದ್ದ ಕೆಲವು ಕಡೆ ಮಾತನ್ನೂ ಬೇರೆ ದನಿಯಲ್ಲಿ ಮತ್ತೆ ಸೇರಿಸಬೇಕಾಯಿತು. ಚೆಲುವೆ ಜೆನಿಫರಳೊಡನೆ ಹೊರಡಲೆಂದು ಲೆಸ್ ಕೃತಕ ಕೇಶ ಧರಿಸಿ ಸಿಂಗರಿಸಿಕೊಳ್ಳುವ ದೃಶ್ಯವೊಂದಿದೆ. ಫಾರಿನರ್ ತಂಡದ ‘ಹಾಟ್ ಬ್ಲಡೆಡ್’ ಹಾಡು ಜೊತೆಗಿದ್ದಾಗ ಆ ಪುಕ್ಕಲನ ಶೌರ್ಯ ಕಂಡು ನಗು ಉಕ್ಕುತ್ತಿತ್ತು. ಹಾಡು ಹೋದ ಮೇಲೆ ಒಬ್ಬ ಮನುಷ್ಯ ಕನ್ನಡಿಯ ಮುಂದೆ ಕೂದಲು ಸರಿಪಡಿಸಿಕೊಂಡನು, ಅಷ್ಟೆ.

ಜೆನಿಫರಳ ಮನೆಯ ಕರೆಗಂಟೆಯನ್ನೂ ಬಿಡಲಿಲ್ಲ. ‘ಫ್ಲೈ ಮಿ ಟು ದ ಮೂನ್’ ರಾಗ ನುಡಿಯುತ್ತಿದ್ದ ಆ ಗಂಟೆ ಆಮೇಲಿನ ಪ್ರತಿಗಳಲ್ಲಿ ಸ್ಟೀಫನ್ ಫಾಸ್ಟರನ ‘ಬ್ಯೂಟಿಫುಲ್ ಡ್ರೀಮರ್’ ನುಡಿಯತೊಡಗಿತು. ಫಾಸ್ಟರ್ 1864ರಲ್ಲೇ ತೀರಿಕೊಂಡವನು. ಅವನ ಹಾಡಿಗೆ ಈಗ ಒಡೆಯರಿಲ್ಲ. ತಾರುಣ್ಯದಲ್ಲಿ ಅವನು ಇದೇ ಸಿನ್ಸಿನಾಟಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ನಾಡೆಲ್ಲ ಅವನ ಹಾಡುಗಳನ್ನು ಹಾಡುತ್ತಿದ್ದರೂ ಸತ್ತಾಗ ಅವನ ಚೀಲದಲ್ಲಿದ್ದುದು 38 ಸೆಂಟು.

ಹಾಡು ಕಟ್ಟಿದವನಿಗೆ ಕೂಲಿ ಸಲ್ಲಲೇಬೇಕೆಂಬುದಕ್ಕೆ ಫಾಸ್ಟರನ ಬಾಳೇ ಸಾಕ್ಷಿ. ಆದರೆ ಕೃತಿಯೊಂದರಲ್ಲಿ ಬೆರೆತುಹೋದ ಹಾಡಿಗೆ ಗಡುವು ವಿಧಿಸುವುದೆಂದರೆ, ಕಟ್ಟಿದ ಗೋಡೆಯಿಂದ ಕಲ್ಲನ್ನು ಹಿಂದಕ್ಕೆ ಕೇಳಿದಂತೆ. ಕಲ್ಲಿನ ಒಡೆಯನಿಗೆ ನ್ಯಾಯವಾಗಬಹುದು, ಮನೆ ಉಳಿಯುವುದಿಲ್ಲ.

2007ರಲ್ಲಿ ಹೊರಬಂದ ಮೊದಲ ವರ್ಷದ ಡಿ.ವಿ.ಡಿ.ಯಲ್ಲೂ ಅನೇಕ ಮೂಲಗೀತೆಗಳಿರಲಿಲ್ಲ. 2014ರಲ್ಲಿ ಶೌಟ್ ಫ್ಯಾಕ್ಟರಿ ಎಂಬ ಸಂಸ್ಥೆ ಹಕ್ಕುಗಳನ್ನು ಹೊಸದಾಗಿ ಪಡೆದು, ಹೆಚ್ಚಿನ ಹಾಡುಗಳನ್ನು ಸ್ವಸ್ಥಾನಕ್ಕೆ ಸೇರಿಸಿ ಇಡೀ ಮಾಲಿಕೆಯನ್ನು ಪ್ರಕಟಿಸಿತು. ನಾಲ್ಕು ವರ್ಷಗಳ ತರುವಾಯ ವಿಲ್ಸನ್ ತೀರಿಕೊಂಡರು. ಭಾವಚಿತ್ರದ ಕೊರಳಿಗೆ ಒಡವೆ ಮರಳಿದೆ. ಅಲ್ಲೊಂದು ಇಲ್ಲೊಂದು ಹರಳು ಮಾತ್ರ ಇಲ್ಲ.