ಊರ ಮನೆಯ ಕಾವಲುಗಣ್ಣಿಗೆ ಕಾವಲು ಯಾರು?

ಹೊರನಾಡಿನಲ್ಲಿ ನೆಲೆಸಿರುವ ನಮ್ಮಂಥವರಲ್ಲಿ ಈಚೆಗೆ ಹೊಸದೊಂದು ರೂಢಿ ಬೆಳೆದಿದೆ. ಬೆಳಗಿನ ಕಾಫಿ ಮುಗಿಯುವುದರೊಳಗೆ ಊರಿನ ಮನೆಯ ಅಂಗಳವನ್ನು ಮೊಬೈಲಿನಲ್ಲಿ ಒಮ್ಮೆ ನೋಡಿಬಿಡುವುದು. ಶ್ರೀಕಾರ್ಯಂನ ಬಾಡಿಗೆ ಮನೆಯಲ್ಲಿ ಕುಳಿತ ನಮಗೆ, ನೂರಾರು ಮೈಲಿ ಆಚೆ ತಾಯಿ ತುಳಸಿಕಟ್ಟೆಗೆ ನೀರೆರೆಯುವುದು ಕಂಡರೆ ಆ ದಿನಕ್ಕೆ ಅಷ್ಟು ಸಮಾಧಾನ.

ಕಳೆದ ದಸರೆಗೆ ಊರಿಗೆ ಹೋದಾಗ, ಆ ಸಮಾಧಾನವನ್ನು ಕೊಡುವ ಕ್ಯಾಮೆರಾವನ್ನು ಬಿಚ್ಚಿ ಪರಿಶೀಲಿಸುವ ಸಂದರ್ಭ ಬಂತು. ಅದರ ಗುಪ್ತಪದ ಅಂಗಡಿಯಾತ ಮೊದಲ ದಿನ ಇಟ್ಟದ್ದೇ ಆಗಿತ್ತು. ಅದನ್ನು ನಡೆಸುವ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಗೋಡೆಗೇರಿದ ದಿನದಿಂದ ಒಮ್ಮೆಯೂ ನವೀಕರಣಗೊಂಡಿರಲಿಲ್ಲ. ತಯಾರಕರನ್ನು ವಿಚಾರಿಸಿದರೆ, ಆ ಮಾದರಿಗೆ ಇನ್ನು ನವೀಕರಣವಿಲ್ಲ ಎಂಬ ಉತ್ತರ ದೊರೆಯಿತು. ಕ್ಯಾಮೆರಾ ಮಾತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ತೊಡಕಿರುವುದೂ ಅಲ್ಲಿಯೇ. ಕೆಟ್ಟುಹೋದ ವಸ್ತುವನ್ನು ರಿಪೇರಿಗೆ ಒಯ್ಯುತ್ತೇವೆ. ಕೆಲಸ ಮಾಡುತ್ತಲೇ ಅಪಾಯಕಾರಿಯಾದ ವಸ್ತುವನ್ನು ಗುರುತಿಸುವ ಅಭ್ಯಾಸ ನಮಗಿನ್ನೂ ಬಂದಿಲ್ಲ.

ಇದನ್ನು ತಿಳಿಯಲು ಶ್ರೀಕಾರ್ಯಂನಲ್ಲಿಯೇ ಒಂದು ಹೋಲಿಕೆ ಸಿಗುತ್ತದೆ. 1963ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದು ಇಲ್ಲಿ. ಮರಗೆಣಸಿನ ಮೊಸಾಯಿಕ್ ರೋಗ ಅಲ್ಲಿನ ವಿಜ್ಞಾನಿಗಳು ಬಹುಕಾಲದಿಂದ ಎದುರಿಸುತ್ತ ಬಂದಿರುವ ಸಮಸ್ಯೆ. ರೋಗ ತಗುಲಿದ ಗಿಡ ಸಾಮಾನ್ಯವಾಗಿ ಸಾಯುವುದಿಲ್ಲ. ಎಲೆ ಸುರುಟಿಕೊಂಡು ಇಳುವರಿ ಕುಗ್ಗುತ್ತದೆ. ಅದರ ಕಾಂಡವನ್ನು ತುಂಡುಮಾಡಿ ನೆಟ್ಟರೆ ರೋಗವನ್ನೂ ನೆಟ್ಟಂತೆ. ಉಳಿದುದನ್ನು ಬಿಳಿನೊಣ ಪಕ್ಕದ ಹೊಲಕ್ಕೆ ದಾಟಿಸುತ್ತದೆ. ಒಬ್ಬ ರೈತನ ಅಲಕ್ಷ್ಯಕ್ಕೆ ನೆರೆಯವನು ದಂಡ ತೆರುತ್ತಾನೆ.

ಜಾಲಕ್ಕೆ ಜೋಡಿಸಿದ ಉಪಕರಣಗಳ ಪಾಡೂ ಇದೇ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿಟ್ಟ ಗುಪ್ತಪದಗಳ ಒಂದು ಚಿಕ್ಕ ಪಟ್ಟಿಯನ್ನು ಹಿಡಿದು ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳ ಒಳಹೊಕ್ಕಿತು. ಅದೇ ವರ್ಷದ ಅಕ್ಟೋಬರ್ 21ರಂದು ಅಂಥ ಉಪಕರಣಗಳ ದಂಡು ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತತ್ತರಿಸಿದವು. ದಾಳಿಗೆ ಬಳಕೆಯಾದ ಕ್ಯಾಮೆರಾಗಳ ಒಡೆಯರಿಗೆ ಅದರ ಸುಳಿವೂ ಇದ್ದಿರಲಾರದು.

ಇದು ದೂರದೇಶದ ಕಥೆಯಲ್ಲ. 2017ರ ಜುಲೈ ಕೊನೆಯಲ್ಲಿ ಬಿಎಸ್ಎನ್ಎಲ್ ಮತ್ತು ಎಂಟಿಎನ್ಎಲ್ ಗ್ರಾಹಕರ ಅರವತ್ತು ಸಾವಿರದಷ್ಟು ಮೋಡೆಮ್‌ಗಳು ಇಂಥದೇ ದಾಳಿಗೆ ಸಿಕ್ಕಿ ನಿಷ್ಕ್ರಿಯವಾದವು. ಮೊದಲಿನ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳೇ ಸುಲಭದ ತುತ್ತಾದವು. 2025ರ ಫೆಬ್ರವರಿಯಲ್ಲಿ ರಾಜಕೋಟೆಯ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಮಾರಾಟದ ಸರಕಾದ ಸುದ್ದಿ ಹೊರಬಂದಾಗ, ಇಲ್ಲಿ ಪಣಕ್ಕಿರುವುದು ಕೇವಲ ಅಂತರ್ಜಾಲದ ವೇಗವಲ್ಲ, ಮನುಷ್ಯರ ಮಾನ ಎಂಬುದು ಸ್ಪಷ್ಟವಾಯಿತು.

ನವೀಕರಣದ ಬಗ್ಗೆ ಜನರಿಗಿರುವ ಅಳುಕು ಪೂರ್ತಿ ಆಧಾರವಿಲ್ಲದ್ದಲ್ಲ. ಮಳೆಗಾಲದಲ್ಲಿ ನವೀಕರಣದ ನಡುವೆ ವಿದ್ಯುತ್ ಹೋದರೆ ಉಪಕರಣವೇ ಕಲ್ಲಾಗಬಹುದು. ಕೆಲವೊಮ್ಮೆ ಹೊಸ ಆವೃತ್ತಿ ಹಳೆಯ ಸೌಲಭ್ಯವೊಂದನ್ನು ಕಿತ್ತುಕೊಳ್ಳುತ್ತದೆ. ಆದರೆ ತಯಾರಕರು ದೋಷವೊಂದನ್ನು ಸರಿಪಡಿಸಿ ಪ್ರಕಟಿಸಿದ ಕ್ಷಣದಿಂದ ಆ ದೋಷದ ಗುಟ್ಟು ಕಳ್ಳನಿಗೂ ಗೊತ್ತಾಗುತ್ತದೆ. ಆಮೇಲೆ ಹಿಂದೆ ಉಳಿದವರ ಮನೆಯೇ ಅವನಿಗೆ ಸಲೀಸು. ಎಚ್ಚರದಿಂದ ಮಾಡಿದ ನವೀಕರಣದ ಅಪಾಯ, ಮಾಡದೆ ಬಿಟ್ಟದ್ದರ ಅಪಾಯಕ್ಕಿಂತ ಬಹಳ ಕಡಿಮೆ ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಹೊಣೆಯನ್ನೆಲ್ಲ ಬಳಕೆದಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ತಾಯಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಕ್ಯಾಮೆರಾದ ಎಚ್ಚರಿಕೆಗಳೆಲ್ಲ ಬರುವುದು ಇಂಗ್ಲಿಷಿನಲ್ಲಿ. ಸಾಹಿತ್ಯದಲ್ಲಿ ಕನ್ನಡದ ಅಳಿವು ಉಳಿವಿನ ಚರ್ಚೆ ನಡೆಸುವ ನಾವು, ಅಡುಗೆಮನೆಯವರೆಗೆ ಬಂದಿರುವ ಯಂತ್ರಗಳು ಯಾವ ಭಾಷೆಯಲ್ಲಿ ಎಚ್ಚರಿಸುತ್ತಿವೆ ಎಂದು ಕೇಳಿದ್ದು ಕಡಿಮೆ. ಔಷಧಿಯ ಪೊಟ್ಟಣದ ಮೇಲೆ ಅವಧಿ ಮುಗಿಯುವ ದಿನಾಂಕವಿದೆ, ಫ್ರಿಜ್ಜಿನ ಮೇಲೆ ನಕ್ಷತ್ರಗಳ ಚೀಟಿಯಿದೆ. ಇಂತಿಷ್ಟು ವರ್ಷ ನವೀಕರಣ ಕೊಡುತ್ತೇವೆ ಎಂಬ ಮಾತು ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಏಕಿರಬಾರದು? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನು, ಊಹಿಸಬಹುದಾದ ಸಿದ್ಧ ಗುಪ್ತಪದಗಳನ್ನು ನಿಷೇಧಿಸಿ, ಈ ಅವಧಿಯನ್ನು ತಯಾರಕರು ಪ್ರಕಟಿಸಲೇಬೇಕೆಂದು ವಿಧಿಸಿದೆ. ಭಾರತ ಸರಕಾರವೂ ಸಿಸಿಟಿವಿ ಕ್ಯಾಮೆರಾಗಳ ಸುರಕ್ಷತಾ ಪರೀಕ್ಷೆಯನ್ನು 2025ರ ಏಪ್ರಿಲಿನಿಂದ ಕಡ್ಡಾಯಗೊಳಿಸಿದೆ. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಈಗಾಗಲೇ ಗೋಡೆಗೇರಿರುವ ಕ್ಯಾಮೆರಾಗಳನ್ನು ಅದು ಕಾಯಲಾರದು.

ಅವುಗಳನ್ನು ಕಾಯಬೇಕಾದವರು, ಅವುಗಳನ್ನು ಅಲ್ಲಿ ಕೂರಿಸಿ ಬಂದ ನಾವೇ. ಆಯುಧಪೂಜೆಗೆ ಕತ್ತಿ, ಕುಡುಗೋಲು, ವಾಹನಗಳನ್ನು ತೊಳೆದು ಪೂಜಿಸುವವರು ನಾವು. ಆ ದಿನವೇ ರೌಟರ್ ಮತ್ತು ಕ್ಯಾಮೆರಾಗಳನ್ನೂ ಪರಿಶೀಲಿಸುವ ಪದ್ಧತಿ ಇಟ್ಟುಕೊಳ್ಳಬಹುದು. ಗುಪ್ತಪದ ಬದಲಿಸುವುದು, ತಾನಾಗಿ ನವೀಕರಣಗೊಳ್ಳುವ ಸೌಲಭ್ಯವಿದ್ದರೆ ಚಾಲೂ ಮಾಡುವುದು, ಹೊರಗಿನಿಂದ ರೌಟರನ್ನು ನಿಯಂತ್ರಿಸುವ ಬಾಗಿಲನ್ನು ಮುಚ್ಚುವುದು, ತಯಾರಕರು ಕೈಬಿಟ್ಟ ಉಪಕರಣವನ್ನು ಜಾಲದಿಂದ ಬೇರ್ಪಡಿಸುವುದು. ಅರ್ಧ ದಿನದ ಕೆಲಸ ಇದು.

ಹಳೆಯ ಕ್ಯಾಮೆರಾವನ್ನು ನಡುಮನೆಯಿಂದ ಇಳಿಸುವಾಗ ತಾಯಿ ಕಾರಣ ಕೇಳಿದರು. ಬೇರೆಯವರೂ ಇದರಲ್ಲಿ ಇಣುಕಿ ನೋಡುವ ಸಾಧ್ಯತೆಯಿದೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಚಿಕ್ಕ ದೀಪ ಮಿನುಗಿದಾಗಲೆಲ್ಲ ಮಕ್ಕಳೇ ನೋಡುತ್ತಿದ್ದಾರೆಂದು ತಿಳಿದಿದ್ದೆ ಎಂದರು. ಹೊಸ ಕ್ಯಾಮೆರಾವನ್ನು ಅಂಗಳಕ್ಕಷ್ಟೇ ಹಾಕಿ, ಅದರ ನವೀಕರಣದ ಅವಧಿ ಮುಗಿಯುವ ವರ್ಷವನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು ಬಂದಿದ್ದೇವೆ.