ಸಂಜೆಯ ಹಸಿವಿಗೆ ಎಳ್ಳು-ಶೇಂಗಾ ಶಾವಿಗೆ

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್. ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸಿಗೋ ರೈಲಿಗೋ ಓಡುವ ವಿದ್ಯಾರ್ಥಿಗಳು ಕಾಲೇಜು, ಟ್ಯೂಷನ್ ಮುಗಿಸಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಸಿಗುವುದು ಒಂದು ಲೋಟ ಚಹಾ, ನಾಲ್ಕು ಬಿಸ್ಕತ್ತು. ಇಲ್ಲವೇ ಪೊಟ್ಟಣದ ನೂಡಲ್ಸ್. (ಮಂಡಕ್ಕಿ-ಮೆಣಸಿನಕಾಯಿಯನ್ನು ದೂರಿ ಈ ಊರಿನಲ್ಲಿ ಬಾಳುವುದು ಕಷ್ಟ, ಆದ್ದರಿಂದ ಅದರ ಸುದ್ದಿ ಬೇಡ.)

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ಈ ಅಂಕಿಯನ್ನು ನೆನೆಯಬೇಕು. ರಕ್ತ ಕಡಿಮೆಯಿದ್ದವರಿಗೆ ವೈದ್ಯರು ಕೊಡುವ ಮಾತ್ರೆಯೇ ಬೇಕು, ನಿಜ. ಆದರೆ ಸಂಜೆಯ ತಿಂಡಿಯಲ್ಲಿ ಕಬ್ಬಿಣಾಂಶ ಇದ್ದರೆ ಯಾರು ಬೇಡವೆಂದಾರು?

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒಣಗಿಸಿದ ಗೋಧಿ ಶಾವಿಗೆಯನ್ನು ಬಸಿದು ಹಾಲು-ಬೆಲ್ಲದೊಡನೆ ಉಣ್ಣುವುದು ನಮ್ಮ ಕಡೆಯ ರೂಢಿ. ಚೀನಾದ ವುಹಾನ್ ನಗರದಲ್ಲಿ ಬೆಳಗಿನ ತಿಂಡಿಗೆ ನೂಡಲ್ಸ್‌ಗೆ ಎಳ್ಳಿನ ಗೊಜ್ಜು ಕಲಸುತ್ತಾರೆ. ಎರಡನ್ನೂ ಕೂಡಿಸಿದರೆ ಹದಿನೈದು-ಇಪ್ಪತ್ತು ನಿಮಿಷದ ಕೆಲಸ.

ನಾಲ್ವರಿಗೆ ಕಾಲು ಕಿಲೋ ಶಾವಿಗೆ, ಅರ್ಧ ಬಟ್ಟಲು ಶೇಂಗಾ, ಎರಡು ದೊಡ್ಡ ಚಮಚ ಎಳ್ಳು ಸಾಕು. ಮುಗ್ಗಲು ವಾಸನೆಯ, ಬೂಸ್ಟು ಹಿಡಿದ ಶೇಂಗಾವನ್ನು ಎಸೆದುಬಿಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಎಳ್ಳನ್ನು ಬೇರೆಯಾಗಿಯೇ ಹುರಿಯಿರಿ. ಕಾಳು ಚಿಕ್ಕದು, ಬೇಗ ಸೀಯುತ್ತದೆ. ಶೇಂಗಾದ ಸಿಪ್ಪೆ ತಿಕ್ಕಿ ಹಾರಿಸಿ, ಎರಡನ್ನೂ ಮೂರು ಒಣಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪು, ಚೂರು ಬೆಲ್ಲದೊಡನೆ ಮಿಕ್ಸಿಗೆ ಹಾಕಿ. ಮೊದಲು ಪುಡಿಯಾಗುತ್ತದೆ, ಇನ್ನಷ್ಟು ತಿರುವಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಮಕ್ಕಳೇ, ಇಲ್ಲಿಂದ ನೀವು ನೋಡಬೇಕು. ಮುದ್ದೆಗೆ ಒಂದು ಚಮಚ ಬಿಸಿನೀರು ಹಾಕಿ ಕಲಸಿ. ತೆಳ್ಳಗಾಗುವ ಬದಲು ಗಟ್ಟಿಯಾಗುತ್ತದೆ! ಕೆಟ್ಟಿತೆಂದು ಹೆದರಬೇಡಿ. ಎಣ್ಣೆಯಲ್ಲಿ ತೇಲುತ್ತಿದ್ದ ಪ್ರೋಟೀನು, ಪಿಷ್ಟದ ಕಣಗಳು ಆ ಮೊದಲ ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಂಡಿವೆ, ಅಷ್ಟೇ. ಚಮಚ ಚಮಚವಾಗಿ ಇನ್ನೂ ನೀರು ಸೇರಿಸುತ್ತ ಹೋದರೆ ಎಣ್ಣೆ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಹರಡುತ್ತದೆ, ಹಾಲಿನಲ್ಲಿ ಕೊಬ್ಬು ಇರುವ ಹಾಗೆ. ಬಣ್ಣ ಬಿಳುಪಾಗಿ ಗೊಜ್ಜು ನುಣ್ಣಗಾಗುತ್ತದೆ. ಎಮಲ್ಷನ್ ಎಂದು ನೀವು ಪುಸ್ತಕದಲ್ಲಿ ಓದುವುದು ಇದನ್ನೇ.

ಕುದಿಯುವ ನೀರಿಗೆ ಶಾವಿಗೆ ಹಾಕಿ ಮೂರು ನಿಮಿಷವಾದ ಮೇಲೆ ಒಂದೆಳೆ ತೆಗೆದು ಹಿಚುಕಿ ನೋಡಿ. ಒಳಗೆ ಬಿಳಿ ಇರಬಾರದು. ಬಸಿದು ತಣ್ಣೀರು ಸುರಿದರೆ ಮೇಲಿನ ಪಿಷ್ಟ ತೊಳೆದುಹೋಗಿ ಎಳೆ ಬಿಡಿಯಾಗುತ್ತದೆ.

ಕ್ಯಾರೆಟ್, ಎಲೆಕೋಸು, ಸೌತೆ, ದೊಣ್ಣೆ ಮೆಣಸಿನಕಾಯಿಗಳನ್ನು ತೊಳೆದು, ಉದ್ದುದ್ದ ಹೆಚ್ಚಿ ಹಸಿಯಾಗಿಯೇ ಕಲಸಿ. ಒಂದು ನಿಂಬೆಹಣ್ಣನ್ನು ಕೊನೆಯಲ್ಲಿ, ಒಲೆಯಿಂದ ದೂರವಿಟ್ಟೇ ಹಿಂಡಿ. ಎಳ್ಳು, ಶೇಂಗಾಗಳ ಕಬ್ಬಿಣಾಂಶವನ್ನು ನಮ್ಮ ದೇಹ ಹೀರಿಕೊಳ್ಳುವುದು ಸ್ವಲ್ಪವೇ; ಸಿ ಜೀವಸತ್ವ ಜೊತೆಗಿದ್ದರೆ ಆ ಪಾಲು ಹೆಚ್ಚುತ್ತದೆ. ಆದರೆ ಸಿ ಜೀವಸತ್ವ ಬಿಸಿಗೆ ಹಾಳಾಗುತ್ತದೆ. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಕಾರಣ ಚಹಾ ಒಂದು ಗಂಟೆ ತಡವಾಗಿ ಬರಲಿ. ತಾಯಂದಿರೇ, ಶಾವಿಗೆಗಿಂತ ಈ ಒಂದು ಗಂಟೆಯನ್ನು ಕಾಯುವುದೇ ನಿಮಗೆ ಕಷ್ಟವಾದೀತು.

ಶೇಂಗಾ, ಎಳ್ಳು ಒಗ್ಗದ ಮಕ್ಕಳೂ ಇರುತ್ತಾರೆ. ತಿಂದೊಡನೆ ತುಟಿ ಊದಿದರೆ, ಮೈಮೇಲೆ ಗಂಧೆ ಎದ್ದರೆ ಮತ್ತೆ ಕೊಡದೆ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದಂತಾದರೆ ಕ್ಷಣವೂ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಪುಡಿಯ ಹಂತದಲ್ಲೇ ಸ್ವಲ್ಪ ತೆಗೆದು, ನೀರು ತಾಗಿಸದೆ ಡಬ್ಬಿಯಲ್ಲಿಟ್ಟರೆ ಮರುದಿನದ ರೊಟ್ಟಿಗೆ ಚಟ್ನಿಪುಡಿ ಆಯಿತು.