ನನ್ನ ಹೆಸರು ಸಾಕಮ್ಮ



ಬಿಸಿಯೂಟದ ಸಾಲಿನಲ್ಲಿ ಸಾರು ಬಡಿಸುವ ಅಕ್ಕ “ಸಾಕಾ?” ಅಂತ ಕೇಳಿದರೆ ಸಾಕು, ನೀವೆಲ್ಲ ನನ್ನ ಕಡೆ ತಿರುಗಿ ನಗುತ್ತೀರಿ. ನಾನೂ ನಗುತ್ತೇನೆ. ಆದರೆ ಒಳಗೆ ಬೇಜಾರಾಗುತ್ತೆ. ಅದಕ್ಕೇ ಈ ನಾಲ್ಕು ಮಾತು.

ನಮ್ಮ ಮನೆಯಲ್ಲಿ ನಾನು ನಾಲ್ಕನೇ ಹೆಣ್ಣುಮಗು. ಹೆಣ್ಣು ಇಲ್ಲಿಗೆ ಸಾಕು, ಮುಂದಿನದಾದರೂ ಗಂಡಾಗಲಿ ಅಂತ ಈ ಹೆಸರಿಟ್ಟರು. ನಮ್ಮ ಕಡೆ ಇದು ಹಳೇ ರೂಢಿ. ಹೆಸರಿಟ್ಟರೆ ಗಂಡು ಹುಟ್ಟುತ್ತದೆಯೇ? ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ ಅಂತ ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಹೀಗಿರುವಾಗ ಅವ್ವನನ್ನು ಬೈಯುವುದೂ ತಪ್ಪು, ಮಗುವಿನ ಹೆಸರಿನಲ್ಲಿ ಸಿಟ್ಟು ತೀರಿಸಿಕೊಳ್ಳುವುದೂ ತಪ್ಪು.

ಮಹಾರಾಷ್ಟ್ರದಲ್ಲೂ ಇಂಥ ರೂಢಿ ಇದೆ. ಅಲ್ಲಿ ‘ನಕುಶಾ’ ಅಂತ ಹೆಸರಿಡುತ್ತಿದ್ದರು. ಬೇಡವಾದವಳು ಎಂದು ಅದರ ಅರ್ಥ. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಸಮಾರಂಭ ಮಾಡಿ ಅಂಥ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ಟರು. ಒಳ್ಳೆಯ ಕೆಲಸ. ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ತಲೆ ತಗ್ಗಿಸಿ, “ಹತ್ತನೇ ಕ್ಲಾಸಿನ ಅರ್ಜಿ ತುಂಬೋದ್ರೊಳಗೆ ನಿನ್ನ ಹೆಸರೂ ಬದಲಾಯ್ಸಣ ಕಣವ್ವ” ಅಂದರು.

ಎರಡು ದಿನ ಯೋಚನೆ ಮಾಡಿ, ಬೇಡ ಅಂದೆ. ‘ನಕುಶಾ’ಕ್ಕೆ ಇರುವುದು ಒಂದೇ ಅರ್ಥ. ನಮ್ಮ ‘ಸಾಕು’ಗೆ ಎರಡುಂಟು. ಒಂದು ‘ಇನ್ನು ಬೇಡ’, ಇನ್ನೊಂದು ‘ಪೋಷಿಸು’. ದನ ಸಾಕುತ್ತೇವೆ, ಕೋಳಿ ಸಾಕುತ್ತೇವೆ. ಕೃಷ್ಣನನ್ನು ಬೆಳೆಸಿದ ಯಶೋದೆ ಸಾಕುತಾಯಿ. ಹಾಗಾದರೆ ಸಾಕುವ ಅಮ್ಮನೂ ಸಾಕಮ್ಮನೇ ಅಲ್ವಾ?

ಹಿಂದೆ ಬೆಂಗಳೂರಿನಲ್ಲಿ ‘ಕಾಫಿಪುಡಿ ಸಾಕಮ್ಮ’ ಅಂತಲೇ ಹೆಸರಾದವರೊಬ್ಬರಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡರೂ ಎದೆಗುಂದದೆ ಕೊಡಗಿನ ಕಾಫಿ ತೋಟ ನೋಡಿಕೊಂಡರು. ಆಮೇಲೆ ಬೆಂಗಳೂರಿನಲ್ಲಿ ಕಾಫಿಪುಡಿ ಕಾರ್ಖಾನೆ ನಡೆಸಿದರು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಸದಸ್ಯೆಯೂ ಆಗಿದ್ದರು. ಬಸವನಗುಡಿಯ ‘ಸಾಕಮ್ಮ ಗಾರ್ಡನ್’ಗೆ ಅವರದೇ ಹೆಸರು. ಆ ಹೆಸರು ಕೇಳಿ ಯಾರಾದರೂ ನಗುತ್ತಾರಾ?

ನನ್ನ ಹೆಸರು ನನ್ನ ಹತ್ತಿರ ಇರಲಿ. ‘ಹೆಣ್ಣು ಸಾಕು’ ಅನ್ನೋ ಮಾತು ಮಾತ್ರ ಊರು ಬಿಟ್ಟು ಹೋಗಲಿ. ನಾಳೆ ನಿಮ್ಮ ಮನೆಯಲ್ಲಿ ತಂಗಿ ಹುಟ್ಟಿದಾಗ ಯಾರಾದರೂ ಈ ಹೆಸರು ಇಡೋಣ ಅಂದರೆ, ಯಾವ ಅರ್ಥಕ್ಕೆ ಅಂತ ಮೊದಲು ಕೇಳಿ.

ಇದು ನನ್ನ ಅನಿಸಿಕೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇಂತಿ,
ಸಾಕಮ್ಮ, 9ನೇ ತರಗತಿ